ಮೂರನೇ ಸಾಲು

ಅಪ್ಪ ಹೋದ ಮೇಲೂ ಅಪ್ಪನ ಫೋನು ಸುಮ್ಮನಾಗಲಿಲ್ಲ. ಹೊರಗೆ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು, ಒಳಗೆ ಕಿಟಕಿಯ ಕಟ್ಟೆ ಮೇಲೆ ಅದು ಟಿಂಗ್ ಅಂದಿತು. ಇಳಿಜಾರಿನ ಮೇಲಿಟ್ಟ ಮರದ ತುಂಡು ಯಾಕೆ ಜಾರುವುದಿಲ್ಲ ಅಂತ ಯಾವುದೋ ಊರಿನ ಹುಡುಗನಿಗೆ ತಿಳಿಯಬೇಕಿತ್ತು. ನಾನು ಫೋನು ಎತ್ತಿಕೊಂಡು ಬಚ್ಚಲಿಗೆ ಹೋದೆ, ಚಿಲಕ ಹಾಕಿದೆ, ಅಪ್ಪನ ಹೆಸರಿನಲ್ಲೇ ಉತ್ತರ ಬರೆದು ಕಳಿಸಿದೆ. ದುಃಖ ತಡೆಯಲಾರದೆ ಹಾಗೆ ಮಾಡಿದೆ ಅಂದರೆ ಸುಳ್ಳಾದೀತು. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಜೋಮು ಹಿಡಿದಿರುತ್ತದಲ್ಲ, ನನಗೆ ಮೈಯೆಲ್ಲ ಹಾಗಿತ್ತು. ಲೆಕ್ಕ ಬಂತು, ಬಿಡಿಸಿದೆ, ಅಷ್ಟೆ.

ಅಪ್ಪ ಓಂಕಾರಲಾಲ್ ನಾಗರ್, ಮನೆಯಲ್ಲಿ ನಮಗೆ ಬಾಬೂಜಿ, ನಮ್ಮ ಕೋಟಾದ ಕೋಚಿಂಗ್ ಹಾಲುಗಳಲ್ಲಿ ಮೈಕು ಹಿಡಿದು ಭೌತಶಾಸ್ತ್ರ ಕೂಗಿ ಕೂಗಿ ಗಂಟಲು ಕಳೆದುಕೊಂಡವರು. ದನಿ ಹೋದ ಮೇಲೆ ಮನೆಯಲ್ಲಿ ಕೂತು ಒಂದು ಆಪ್‌ನಲ್ಲಿ ಡೌಟು ಬಿಡಿಸುವ ಕೆಲಸ ಹಿಡಿದರು. ಮಕ್ಕಳು ತಮ್ಮ ಕೈಗೆ ಬಗ್ಗದ ಲೆಕ್ಕದ ಫೋಟೋ ಕಳಿಸುತ್ತವೆ. ಅಪ್ಪ ಅದನ್ನು ಹಾಳೆಯ ಮೇಲೆ ಬಿಡಿಸಿ, ಒಂದೊಂದು ಸಾಲಿಗೂ ನಂಬರು ಹಾಕಿ, ಹಾಳೆಯ ಫೋಟೋ ತೆಗೆದು ಕಳಿಸುತ್ತಿದ್ದರು. ಮಕ್ಕಳ ಪರದೆಯ ಕೆಳಗೆ ಎರಡು ಗುಂಡಿ: 'ಅರ್ಥವಾಯಿತು', 'ಅರ್ಥವಾಗಲಿಲ್ಲ'. ಎರಡನೆಯದನ್ನು ಒತ್ತಿದರೆ ಯಾವ ಸಾಲು ಅಂತ ಕೇಳಿ ಮತ್ತೆ ಹೇಳಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನೂ ಕಾಲೇಜಿನಲ್ಲಿ ಅದೇ ಪಾಠ ಹೇಳುವವಳು. ರಜೆಯಲ್ಲಿ ಅಪ್ಪನ ಪಕ್ಕ ಕೂತು ಒಂದಿಷ್ಟು ಡೌಟು ಬಿಡಿಸುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ.

"ಅದೇ ಸಾಲನ್ನ ಮತ್ತೆ ಬರೆದು ಕಳಿಸ್ತೀಯಲ್ಲೇ ಕುಮುದ್, ಆ ಮಗು ಏನು ಕಿವುಡಾ?" ಅನ್ನುತ್ತಿದ್ದರು, ಒಡೆದ ಗಂಟಲಲ್ಲಿ. "ಬೇರೆ ಮಾತಲ್ಲಿ ಹೇಳು. ಇನ್ನೂ ಸಣ್ಣ ಮಾತಲ್ಲಿ ಹೇಳು. ತಿಳೀಲಿಲ್ಲ ಅಂದ್ರೆ ತಪ್ಪು ಹೇಳಿದೋರದು."

ಮನೆಯಲ್ಲಿ ಬೈಠಕ್ ಶುರುವಾಯಿತು. ಹಾಲಿನಲ್ಲಿ ಜಮಖಾನ ಹಾಸಿ ಹೆಂಗಸರು ದಿನವಿಡೀ ಕೂರುತ್ತಾರೆ. ಹೊಸಬರು ಯಾರಾದರೂ ಹೊಸ್ತಿಲು ತುಳಿದರೆ ಎಲ್ಲರೂ ಸೆರಗು ಮುಖಕ್ಕೆಳೆದು ದೊಡ್ಡ ದನಿ ತೆಗೆದು ಅಳಬೇಕು. ಬಂದವರು ಕೂತ ಕೂಡಲೇ ನಲ್ಲಿ ತಿರುಗಿಸಿದ ಹಾಗೆ ಅಳು ನಿಲ್ಲುತ್ತದೆ, ಗೋಧಿ ಬೆಳೆ ಹೇಗಿದೆ ಅನ್ನುವ ಮಾತು ಬರುತ್ತದೆ. ಈ ಮೇಳಕ್ಕೆ ಯಜಮಾನಿ ನಮ್ಮ ಸುಗನ್ ಬುವಾ, ಅಪ್ಪನ ಅಕ್ಕ. ನಾನು ಮಾತ್ರ ಒಂದು ಹನಿಯನ್ನೂ ಉದುರಿಸಲಿಲ್ಲ. ಸೆರಗಿನ ಮರೆಯಲ್ಲಿ ಫೋನು ಹಿಡಿದು ಮಸೂರದ ಲೆಕ್ಕ ನೋಡುತ್ತಿದ್ದೆ.

"ಅಳೇ ಹುಡುಗಿ," ಅಂತ ಬುವಾ ತೊಡೆ ಚಿವುಟಿದಳು. "ಕಲ್ಲಾಗಿಬಿಟ್ಟೆಯಲ್ಲೇ. ಜನ ಏನಂದ್ಕೊಳ್ತಾರೆ? ಕೊನೇ ಪಕ್ಷ ದನಿನಾದ್ರೂ ತೆಗಿ."

"ಬರ್ತಾ ಇಲ್ಲ ಬುವಾ."

"ಬರ್ದೇ ಇರೋಕೇನು? ಈರುಳ್ಳಿ ತರ್ಲಾ?"

ಅತ್ತ ಗಂಡಸರ ಕಡೆ ಪಗಡಿಯ ಮಾತು ನಡೆದಿತ್ತು, ಸತ್ತವರ ಜಾಗಕ್ಕೆ ಬರುವ ಗಂಡಿನ ತಲೆಗೆ ರುಮಾಲು ಸುತ್ತುವ ಶಾಸ್ತ್ರ. ಅಪ್ಪನಿಗೆ ಗಂಡುಮಕ್ಕಳಿಲ್ಲ. ಹನ್ನೆರಡನೇ ದಿನ ಅಪ್ಪನ ಜಾಗದ ಪಗಡಿ ಚಿಕ್ಕಪ್ಪನ ಮಗ ಲೋಕೇಂದ್ರನ ತಲೆಗೆ ಅಂತ ತೀರ್ಮಾನವಾಯಿತು. ಲೋಕೇಂದ್ರನದು ಟೈಲ್ಸ್ ಅಂಗಡಿ. ಒಳ್ಳೆಯವನೇ, ಆದರೆ ನ್ಯೂಟನ್ ಅಂದರೆ ಯಾವ ಕಂಪನಿ ಅಂದಾನು.

"ಜೀಜಿ, ಆ ಆಪ್‌ನಲ್ಲಿ ನಾಗರ್ ಸರ್ ಇನ್ನಿಲ್ಲ ಅಂತ ಒಂದು ಸಾಲು ಹಾಕಿಬಿಡು," ಅಂದ ಅವನು. ನಾನು ಅವನಿಗೆ ಅಕ್ಕ. "ಪಗಡಿ ಆದ ಮೇಲೆ ಖಾತೆ ಮುಚ್ಚೋಣ. ಪಾಪ, ಮಕ್ಕಳು ಕಾಯ್ತಿರ್ತವೆ."

"ಹಾಕ್ತೀನಿ," ಅಂದೆ. ಮರುದಿನ ಕೇಳಿದ, ಆಗಲೂ ಹಾಕ್ತೀನಿ ಅಂದೆ. ಎಲ್ಲರ ಬಾಯಲ್ಲೂ ಆ ಮಾತು ಸಲೀಸಾಗಿ ಬರುತ್ತಿತ್ತು: ಹಾಲಿನವನು ಹೇಳಿದ, ಬ್ಯಾಂಕಿನವರು ಹೇಳಿದರು, ಅಮ್ಮನೂ ಹೇಳಿದಳು. ಆ ಒಂದು ಸಾಲನ್ನು ಬರೆಯಲು ನನ್ನ ಕೈ ಮಾತ್ರ ಏಳಲಿಲ್ಲ. ಬರೆಯುವವರೆಗೆ ಆ ಫೋನಿನೊಳಗೆ ಅಪ್ಪ ಡೌಟು ಬಿಡಿಸುತ್ತಲೇ ಇದ್ದರು.

ಸಿಕ್ಕಿಬಿದ್ದದ್ದು ಗುರ್ನೂರ್ ಎಂಬ ಹುಡುಗಿಯ ಕೈಯಲ್ಲಿ. ಹನುಮಾನ್‌ಗಢದ ಕಡೆಯವಳು, ವರ್ಷದಿಂದ ಅಪ್ಪನನ್ನೇ ಹೆಸರು ಹಿಡಿದು ಕೇಳುತ್ತಿದ್ದವಳು. ಗೋಪುರದ ಮೇಲಿಂದ ಎಸೆದ ಚೆಂಡಿನ ಲೆಕ್ಕ ಕಳಿಸಿದ್ದಳು. ನಾನು ಬಿಡಿಸಿದೆ, ಉತ್ತರ ಸರಿಯಾಗಿಯೇ ಇತ್ತು. ಆದರೂ 'ಅರ್ಥವಾಗಲಿಲ್ಲ' ಬಂತು. ಯಾವ ಸಾಲು ಅಂತ ಕೇಳಿದೆ.

"ಒಂದನೇದೇ ಸರ್‌ಜೀ. ನೀವು ಮೇಲಕ್ಕೆ ಪ್ಲಸ್ ತಗೊಂಡಿದ್ದೀರಾ! ಬೀಳೋದು ಎತ್ತಲಾಗೋ ಅತ್ತಲೇ ಪ್ಲಸ್ಸು, ಬೀಳೋದಕ್ಕೆ ಯಾಕೆ ನಾಚಿಕೆ ಅಂತ ನೀವೇ ಬೈತಿದ್ರಿ. ಹುಷಾರಾಗಿದ್ದೀರಿ ತಾನೆ?"

ಕಳಿಸಿದ ಹಾಳೆಯನ್ನು ಮತ್ತೆ ನೋಡಿದೆ. ಅಪ್ಪ ಕೆಳಕ್ಕೆ ಬಾಣ ಎಳೆಯುತ್ತಿದ್ದದ್ದನ್ನು ಸಾವಿರ ಸಲ ನೋಡಿದವಳು ನಾನು. ನನ್ನ ಕೈ ಕಾಲೇಜಿನ ಅಭ್ಯಾಸದಂತೆ ಮೇಲಕ್ಕೆ ಎಳೆದುಬಿಟ್ಟಿತ್ತು.

"ಕೈನೋವು. ಮಗಳ ಕೈಲಿ ಬರೆಸ್ತಿದೀನಿ," ಅಂತ ಬರೆದೆ.

"ಓ, ದೀದಿನಾ? ಸತ್ ಶ್ರೀ ಅಕಾಲ್ ದೀದಿ! ನಾಡಿದ್ದು ನನ್ನ ಪರೀಕ್ಷೆ. ಸರ್‌ಜೀಗೆ ಎಣ್ಣೆ ಹಚ್ಚಿ. ನನಗೋಸ್ಕರ ಒಂದ್ಸಲ ಆಶೀರ್ವಾದ ಮಾಡ್ಬೇಕಂತೆ ಅಂತ ಹೇಳಿ."

"ಮಾಡಿದ್ರು," ಅಂತ ಬರೆದೆ. ಪರೀಕ್ಷೆಗೆ ಕೂರುವ ಹುಡುಗಿಗೆ ಇನ್ನೇನು ಬರೆಯಲಿ? ನೆಪ ಚೆನ್ನಾಗಿತ್ತು. ಅವಳಿಗಿಂತ ನನಗೇ ಹೆಚ್ಚು ಬೇಕಿತ್ತು ಅದು.

ಪಗಡಿಯ ದಿನ ಬಂತು. ಮಧ್ಯಾಹ್ನ ಊಟಕ್ಕೆ ಪೂರಿ, ಸಿಹಿಬೂಂದಿಯ ನುಕ್ತಿ. ಲೋಕೇಂದ್ರನ ತಲೆಗೆ ಬಿಳಿ ಪಗಡಿ ಸುತ್ತಿ ತಿಲಕ ಇಟ್ಟರು. ಅವನು ಅತ್ತ, ಚಿಕ್ಕಪ್ಪ ಅತ್ತರು. ನಾನು ನುಕ್ತಿ ಬಡಿಸಿದೆ. ಬಂದವರೆಲ್ಲ ಹೊರಟುಹೋಗಿ, ಬುವಾ ಜಮಖಾನದ ಮೇಲೆ ಅಡ್ಡಾದಳು. ಲೋಕೇಂದ್ರ ಬಂದು, "ಜೀಜಿ, ಸಂಜೆ ಫೋನು ಕೊಡು, ಮುಚ್ಚಿಬಿಡೋಣ," ಅಂದ. ಪಗಡಿ ಹಣೆಗೆ ಜಾರಿತ್ತು. ಆಗ ಟಿಂಗ್ ಅಂದಿತು.

"ದೀದಿ, ಪರೀಕ್ಷೆ ಚೆನ್ನಾಗಾಯ್ತು! ಒಂದೇ ಒಂದು ಬಿಟ್ಟೆ. ಗಾಳಿ ತಡೀತಾ ಇರುವಾಗ ಬೀಳೋ ಕಲ್ಲು. ಇದನ್ನ ಮಾತ್ರ ಸರ್‌ಜೀನೇ ಹೇಳ್ಬೇಕು. ಎಷ್ಟೊತ್ತಾದ್ರೂ ಕಾಯ್ತೀನಿ."

ಪರೀಕ್ಷೆ ಮುಗಿದಿತ್ತು, ನೆಪವೂ ಮುಗಿದಿತ್ತು. ನಾನು ಅಪ್ಪನ ಮೇಜಿಗೆ ಹೋಗಿ ಅಪ್ಪನ ಹಾಳೆ ತೆಗೆದುಕೊಂಡೆ. ಈ ಸಲ ಬಾಣ ಕೆಳಕ್ಕೆ ಎಳೆದೆ. ಬರೆಯುತ್ತ ಹೋದೆ.

೧. ಬೀಳುವ ದಿಕ್ಕೇ ಪ್ಲಸ್.

೨. ತೂಕ ಕೆಳಕ್ಕೆಳೆಯುತ್ತದೆ, ಗಾಳಿ ಮೇಲಕ್ಕೆ ತಡೆಯುತ್ತದೆ. ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು.

೩. ಬಾಬೂಜಿ ಈಗ ನಮ್ಮೊಂದಿಗಿಲ್ಲ. ಇಂದು ಹನ್ನೆರಡನೇ ದಿನ.

೪. ಎರಡೂ ಸಮ ಆದಾಗ ವೇಗ ಹೆಚ್ಚುವುದು ನಿಲ್ಲುತ್ತದೆ. ಆಮೇಲೆ ಕಲ್ಲು ಒಂದೇ ಸಮನೆ ಬೀಳುತ್ತಿರುತ್ತದೆ.

ಲೆಕ್ಕದ ನಡುವೆ ಇಟ್ಟರೆ ಅದೂ ಲೆಕ್ಕದ ಹಾಗೆ ದಾಟಿ ಹೋದೀತು ಅಂದುಕೊಂಡೆ. ಫೋಟೋ ತೆಗೆದು ಕಳಿಸಿದೆ. ಕಳಿಸಿದಾಗಲೂ ಏನೂ ಆಗಲಿಲ್ಲ. ಬಾಯಲ್ಲಿ ಹತ್ತಿ ಇಟ್ಟ ಹಾಗೆ ಇತ್ತು, ಅಷ್ಟೆ.

ಅವಳು ಓದಿದ ಗುರುತು ಬಂತು. ಆಮೇಲೆ 'ಅರ್ಥವಾಗಲಿಲ್ಲ' ಬಂತು.

ಯಾವ ಸಾಲು ಅಂತ ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ, ಕೇಳಬೇಕಲ್ಲ.

"ಮೂರನೇದು ದೀದಿ. ಮೂರನೇ ಸಾಲು ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳಿ."

ಅದೇ ಸಾಲನ್ನು ಮತ್ತೆ ಕಳಿಸುವ ಹಾಗಿಲ್ಲ. ಬೇರೆ ಮಾತಲ್ಲಿ, ಇನ್ನೂ ಸಣ್ಣ ಮಾತಲ್ಲಿ ಹೇಳಬೇಕು. ಹೊಸ ಹಾಳೆ ತೆಗೆದೆ, ಪೆನ್ನು ಹಿಡಿದೆ. 'ನಮ್ಮೊಂದಿಗಿಲ್ಲ' ಅನ್ನುವುದಕ್ಕಿಂತ ಸಣ್ಣ ಮಾತು ಒಂದೇ ಇತ್ತು.

ನನ್ನ ಅಪ್ಪ ಸತ್ತುಹೋದರು.

ಬರೆದದ್ದನ್ನು ಓದಿದೆ. ನನ್ನ ಒಳಗಿಂದ ಒಂದು ದನಿ ಹೊರಟಿತು. ಅದು ನನ್ನದೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಾಲಿನಲ್ಲಿ ಬುವಾ ನಿದ್ದೆಗಣ್ಣಲ್ಲೇ ದಡಬಡಿಸಿ ಎದ್ದು, ಸೆರಗು ಮುಖಕ್ಕೆಳೆದುಕೊಂಡು ಬಾಗಿಲ ಕಡೆ ನೋಡಿದಳು.

"ಯಾರು ಬಂದ್ರೇ?"

"ಯಾರೂ ಬಂದಿಲ್ಲ ಬುವಾ," ಅಂದೆ. "ಬಾಬೂಜಿ ಹೋಗ್ಬಿಟ್ರು."