ಕಣ್ಣು ಬರೆಯುವ ಕೈ

ಗೋಣೆಪ್ಪನವರ ನಾಲಿಗೆಯ ತುದಿ ಸದಾ ನೀಲಿ. ಅಳಿಲಿನ ಬಾಲದ ಕೂದಲಿನಿಂದ ಕಟ್ಟಿದ ಕುಂಚವನ್ನು ಬಣ್ಣದಲ್ಲಿ ಅದ್ದುವುದು, ತುದಿ ಚೂಪಾಗಲೆಂದು ನಾಲಿಗೆಗೆ ತಾಕಿಸುವುದು, ಆಮೇಲೆ ಉಸಿರು ಬಿಗಿಹಿಡಿದು ಗೆರೆ ಎಳೆಯುವುದು. ಈ ಅಭ್ಯಾಸವನ್ನು ಬಿಡಿಸಲು ಹಲ್ಲಿನ ಡಾಕ್ಟರಿಂದಲೂ ಆಗಲಿಲ್ಲ, ಹೆಂಡತಿ ಮುದಕಮ್ಮನವರಿಂದಲೂ ಆಗಲಿಲ್ಲ. ಯಲಬುರ್ಗಾದ ಬಿರುಬೇಸಿಗೆಯಲ್ಲೂ ಆ ಮನೆಯಲ್ಲಿ ಫ್ಯಾನು ತಿರುಗುವಂತಿಲ್ಲ. ಚಿತ್ರಕ್ಕೆ ಅಂಟಿಸುವ ಬಂಗಾರದ ತೆಳು ರೇಕು ಹಾರಿಹೋಗುತ್ತದೆ. ಹೀಗಾಗಿ ತಮ್ಮ ಅರ್ಧ ಸಂಸಾರ ಹೊರಗಿನ ಕಟ್ಟೆಯ ಮೇಲೆಯೇ ಮುಗಿಯಿತೆಂದು ಮುದಕಮ್ಮನವರು ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಸುರಪುರದ ಹಳೆಯ ಚಿಕಣಿ ಚಿತ್ರಗಳಲ್ಲಿ ದೊರೆ ಒರಗುದಿಂಬಿಗೆ ಆನಿಕೊಂಡು ಹೂವು ಮೂಸುತ್ತಾನೆ. ಗೋಣೆಪ್ಪನವರ ಚಿತ್ರಗಳಲ್ಲಿ ಅದೇ ಬಂಗಾರದ ಬಳ್ಳಿಯ ಚೌಕಟ್ಟಿನೊಳಗೆ, ಅದೇ ದರ್ಬಾರಿನ ಗತ್ತಿನಲ್ಲಿ, ಬಸ್ಸಿಗೆ ಕಾದು ಬೇಸತ್ತ ಹೆಂಗಸರು ಆಸೀನರಾಗಿದ್ದಾರೆ. ಅಕ್ಕಿಗಿರಣಿಯ ಹಮಾಲರು ಚೀಲಗಳಿಗೆ ಒರಗಿ ರಾಜಗಾಂಭೀರ್ಯದಿಂದ ಬೀಡಿ ಸೇದುತ್ತಿದ್ದಾರೆ. ಸಂಪ್ರದಾಯದಂತೆ ಎಲ್ಲವೂ ಪಕ್ಕಮುಖ, ಮುಖಕ್ಕೆ ಒಂದೇ ಕಣ್ಣು. ಆದರೆ ಕೆಲವು ವರ್ಷಗಳಿಂದ ಆ ಒಂದು ಕಣ್ಣೂ ಯಾವ ಮುಖದಲ್ಲೂ ಇಲ್ಲ.

ಕಣ್ಣು ಬರೆಯುತ್ತಿದ್ದವನು ರೆಹಮಾನ. ಇಬ್ಬರೂ ಒಂದೇ ಗುರುವಿನ ಬಳಿ ಕಲಿತವರು. ಗುರು ಒಬ್ಬನಿಗೆ ಗೆರೆ, ಬಟ್ಟೆ, ಬಳ್ಳಿಗಳನ್ನು ಒಪ್ಪಿಸಿ, ಇನ್ನೊಬ್ಬನಿಗೆ ಕಟ್ಟಕಡೆಯ ಕೆಲಸವಾದ ಕಣ್ಣನ್ನು ಒಪ್ಪಿಸಿದ್ದರು. ಆ ಪಾಲನ್ನು ಇಬ್ಬರೂ ಎಂದೂ ಮೀರಲಿಲ್ಲ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ರೆಹಮಾನ ಕಾರಟಗಿಯಲ್ಲಿರುವ ಮಗಳ ಮನೆ ಸೇರಿದ. ಇಲ್ಲಿ ಗೋಣೆಪ್ಪನವರ ಎದುರಿನ ಚಾಪೆ ಬರಿದಾಯಿತು. ಅದನ್ನು ಅವರು ದಿನವೂ ಹಾಸುತ್ತಾರೆ, ಸಂಜೆ ಸುತ್ತಿಡುತ್ತಾರೆ. ಮುದಕಮ್ಮನವರು ಇದೊಂದರ ಬಗ್ಗೆ ಮಾತ್ರ ನಗುವುದಿಲ್ಲ.

ಈ ವರ್ಷ ಹುಬ್ಬಳ್ಳಿಯ ಕಲಾಮಳಿಗೆಯೊಂದು ಅವರ ಚಿತ್ರಗಳ ಪ್ರದರ್ಶನ ಮಾಡುವುದಾಗಿ ಮುಂದೆ ಬಂತು. ಬದುಕಿನಲ್ಲೇ ಮೊದಲ ಪ್ರದರ್ಶನ. ಒಂದೇ ಷರತ್ತು, ಕಣ್ಣಿಲ್ಲದ ಚಿತ್ರ ಬೇಡ. ಗೋಣೆಪ್ಪನವರು ರದ್ದಿ ಕಾಗದದ ಮೇಲೆ ಪ್ರಯತ್ನಿಸಿದರು. ಕಣ್ಣುಗಳೇನೋ ಮೂಡಿದವು, ಎಲ್ಲವೂ ತಾಲ್ಲೂಕು ಕಚೇರಿಯಲ್ಲಿ ಊಟದ ನಂತರ ಕೂತವರ ಕಣ್ಣುಗಳು. ಅವರು ಕಾಗದ ಹರಿದು, ಹಮಾಲರ ದರ್ಬಾರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾರಟಗಿಯ ಬಸ್ಸು ಹತ್ತಿದರು.

ರೆಹಮಾನ ಚಿತ್ರವನ್ನು ಬಹಳ ಹೊತ್ತು ನೋಡಿದ.

“ನೀನ ಬರಿಯೋ ಗೋಣ್ಯಾ. ನಾ ಹೋದ ಮ್ಯಾಲೂ ಇವರು ಕುಡ್ಡರಾಗೇ ಇರಬೇಕೇನು?”

ಗೋಣೆಪ್ಪನವರು ಕುಂಚವನ್ನು ಬಣ್ಣದಲ್ಲಿ ಅದ್ದಿ ಅವನ ಎಡಗೈಗೆ ಕೊಟ್ಟರು. ರೆಹಮಾನ ಅಭ್ಯಾಸಬಲದಿಂದ ತುದಿಯನ್ನು ನಾಲಿಗೆಗೆ ತಾಕಿಸಿದ. ರೂಢಿಯಿಲ್ಲದ ಕೈಯಲ್ಲಿ ಗೆರೆ ಜಾರಿತು. ಒಬ್ಬ ಹಮಾಲನ ಕಣ್ಣು ಇರಬೇಕಾದ ಜಾಗ ಬಿಟ್ಟು ಕೆನ್ನೆಗಿಳಿಯಿತು. ಪಾಪೆ ಹಿಂದಿನ ಮೂಲೆಗೆ ಸರಿದು, ದರ್ಬಾರೆಲ್ಲ ಮುಂದೆ ನೋಡುತ್ತಿರಬೇಕಾದಲ್ಲಿ ಆ ಒಬ್ಬ ಹಮಾಲ ಯಾರೋ ಕರೆದಂತೆ ಹಿಂದಕ್ಕೆ ನೋಡಿದ.

“ಕೆಟ್ಟಹೋತು. ಒರಸಿಬಿಡು.”

“ಒಣಗೇತಿ ಬಿಡು,” ಎಂದರು ಗೋಣೆಪ್ಪನವರು. ಬಣ್ಣ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

ಬರುವಾಗ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಲಿಲ್ಲ. ತೊಡೆಯ ಮೇಲೆ ತೆರೆದಿಟ್ಟುಕೊಂಡು, ಗಾಳಿಗೆ ಧೂಳು ಕೂರಬಾರದೆಂದು ಬಸ್ಸಿನ ಕಿಟಕಿ ಮುಚ್ಚಿ, ಅಕ್ಕಪಕ್ಕದವರ ಬೈಗುಳವನ್ನೂ ಬೆವರನ್ನೂ ಸಹಿಸಿಕೊಂಡು ಊರು ಮುಟ್ಟಿದರು. ಹುಬ್ಬಳ್ಳಿಯವರು ವಿನಯದಿಂದಲೇ ಬೇಡವೆಂದರು. ಆ ಚಿತ್ರ ಈಗ ಖಾಲಿ ಚಾಪೆಯ ಹಿಂದಿನ ಗೋಡೆಯ ಮೇಲಿದೆ. ತಲೆಯೆತ್ತಿದಾಗಲೆಲ್ಲ ಗೋಣೆಪ್ಪನವರಿಗೆ ಕಾಣುವುದು ಅದೊಂದೇ ಕಣ್ಣು.

ಕಲೆಯನ್ನು ಒಂಟಿಯಾಗಿ ಕಲಿತವರಿಗೆ ಒಂಟಿಯಾಗಿ ಮುಗಿಸುವುದೂ ತಿಳಿದಿರುತ್ತದೆ. ಜೋಡಿಯಾಗಿ ಕಲಿತ ಜೀವಗಳ ಪಾಡೇ ಬೇರೆ. ಅವರು ತಮ್ಮ ಪಾಲಿನ ಕೆಲಸವನ್ನು ಕೂದಲೆಳೆಯಷ್ಟೂ ಬಿಡದೆ ಮಾಡಿ, ಇನ್ನೊಬ್ಬರ ಪಾಲಿನ ಜಾಗವನ್ನು ಹಾಗೆಯೇ ಉಳಿಸಿ, ಕುಂಚ ತೊಳೆದಿಟ್ಟು ಕೂತಿರುತ್ತಾರೆ. ಆ ಜಾಗವನ್ನು ತುಂಬುವುದು ಅವರಿಗೆ ಆಗದ ಕೆಲಸವೇನಲ್ಲ. ತುಂಬಿದರೆ ಗೆಳೆಯ ಇನ್ನು ಬರುವುದಿಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ.