ಹಲಸಿಗೆ ಒರಗಿದ ಸಿಲ್ವರ್

ಕಿರ್ ಕಿರ್ ಅಂತ ಅರ ಗರಗಸದ ಚೈನಿನ ಹಲ್ಲುಗಳ ಮೇಲೆ ಹೋಗಿ ಬರುತ್ತಿದೆ, ಕೇಳಿದರೆ ನನ್ನ ಹಲ್ಲೇ ಜುಮ್ಮೆನ್ನುತ್ತದೆ, ಆದರೂ ನಿಲ್ಲದಿರಲಿ, ಅರ ಉಜ್ಜುವಷ್ಟು ಹೊತ್ತು ಇವರು ನನ್ನೆದುರೇ ಕೂತಿರುತ್ತಾರೆ, ಕಾಲು ಚಾಚಿ, ಮಿಷಿನ್ ಗರಗಸವನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು — ಹೆತ್ತ ಮಗಳನ್ನು ಒಂದು ದಿನವಾದರೂ ಹೀಗೆ ಮಲಗಿಸಿಕೊಂಡದ್ದು ನನಗಂತೂ ನೆನಪಿಲ್ಲ — ಒಂದು ಸುತ್ತು ಆಗಲೇ ಮುಗಿದಿದೆ, ನೋಡಿದ್ದೇನೆ, ಎಲ್ಲಾ ಹಲ್ಲೂ ಚೂಪಾಗಿವೆ, ಈಗ ಸುಮ್ಮನೆ ಎರಡನೇ ಸುತ್ತು ಉಜ್ಜುತ್ತಿದ್ದಾರೆ, ಅಂದರೆ ಇವರಿಗೂ ಏಳಲು ಮನಸ್ಸಿಲ್ಲ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ, ಯಾವಾಗ ಹೇಳಿದ್ದಾರೆ. ಇವರಿಗೆ ಗಿಡ್ಡಯ್ಯ ಅಂತ ಹೆಸರಿಟ್ಟವರು ಯಾರೋ, ಆಳು ನೋಡಿದರೆ ದೋಟಿಯಷ್ಟು ಉದ್ದ, ಮಾತು ಮಾತ್ರ ಗಿಡ್ಡ. ನನ್ನ ಮಡಿಲಲ್ಲಿ ಹಗ್ಗ, ಬೆಳಗ್ಗೆ ಮರಕ್ಕೆ ಕಟ್ಟಿ ಎಳೆದ ಹಗ್ಗ, ಸುತ್ತಿಡೋಣ ಅಂತ ತೆಗೆದುಕೊಂಡವಳು ಅರ್ಧ ಸುತ್ತಿ ಹಾಗೇ ಕೂತಿದ್ದೇನೆ, ಅಂಗೈ ಉರಿಯುತ್ತಿದೆ, ಸೊಂಟ ನನ್ನದಲ್ಲವೇನೋ ಅನ್ನಿಸುತ್ತಿದೆ, ತಲೆ ಎತ್ತಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದು ಅಲ್ಲೇ ಇದೆ. ಎಲ್ಲಿಗೆ ಹೋಗುತ್ತದೆ.

ಬೆಳಗ್ಗೆ ಕೊಯ್ದ, ಕಾಫಿಗೆ ನೆರಳಾಗಿದ್ದ ಸಿಲ್ವರ್ ಮರ ನೆಲಕ್ಕೆ ಬೀಳದೆ ಪಕ್ಕದ ಹಲಸಿನ ಕವೆಯಲ್ಲಿ ಸಿಕ್ಕಿಕೊಂಡು ಓರೆಯಾಗಿ ನಿಂತಿದೆ, ಬುಡ ಮೋಟಿನಿಂದ ಜಾರಿ ಮಣ್ಣಿಗೆ ನಾಟಿದೆ, ತುದಿ ಹಲಸಿನ ಎರಡು ಕೊಂಬೆಗಳ ನಡುವೆ, ಗಾಳಿ ಬಂದಾಗೊಮ್ಮೆ ಕೊರ್ರ್ ಅನ್ನುತ್ತದೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ. ಇವರು ಚರಂಡಿಯ ಕಡೆಗೆ ಬೀಳಿಸುತ್ತೇನೆ ಅಂದಿದ್ದರು, ಅಲ್ಲಿ ಮರ ಮಲಗಲು ಜಾಗ ಇತ್ತು, ಆದರೆ ತೋಟದ ಯಜಮಾನ ಧರ್ಮೇಶಯ್ಯ ಬೂಟು ಹಾಕಿಕೊಂಡು ಬಂದು ನಿಂತರು, ಚರಂಡಿ ಅಂಚಿನ ಕಾಫಿ ಪೂರ್ತಿ ಹೂವಾಗಿದೆ, ಆ ಕಡೆ ಹಾಕ್ಬೇಡ ಮಾರಾಯ, ಈಚೆ ಹಲಸಿನ ಮಗ್ಗುಲಿಗೆ ಬಿಡು, ಸಂದಿ ಇದ್ಯಲ್ಲ ಅಂದರು. ಸಂದಿ ಇತ್ತು, ಆ ಮರಕ್ಕೆ ಅದು ಸಾಲದು ಅಂತ ಇವರಿಗೂ ಗೊತ್ತಿತ್ತು, ಹಗ್ಗ ಹಿಡಿದ ನನಗೂ ಗೊತ್ತಿತ್ತು, ಇವರು ಹೂಂ ಅಂದರು. ಒಂದು ಸಲ ಉಹೂಂ ಅಂದಿದ್ದರೆ ಗಂಟೇನು ಹೋಗುತ್ತಿತ್ತು, ಆದರೆ ಅಯ್ಯನವರ ಎದುರು ಉಹೂಂ ಅನ್ನುವ ನಾಲಿಗೆ ಇವರ ಬಾಯಲ್ಲಿ ಹುಟ್ಟಿಲ್ಲ. ಕಾಫಿ ಅರಳಿಸುವ ಹೂಮಳೆ ಈ ವರ್ಷ ಬೇಗ ಬಂದುಬಿಟ್ಟಿತು, ಕಾಫಿ ಕುಯ್ಲು ಮುಗಿದ ಕೂಡಲೇ ಮರ ಕಡಿಯಬೇಕಿತ್ತು, ವ್ಯಾಪಾರಿಯ ಲಾರಿ ಇವತ್ತು ನಾಳೆ ಅನ್ನುತ್ತ ತಡವಾಯಿತು, ಈಗ ತೋಟವೆಲ್ಲ ಬೆಳ್ಳಗೆ, ವಾಸನೆ ಎಷ್ಟೆಂದರೆ ಪೆಟ್ರೋಲು, ಚೈನಿನ ಎಣ್ಣೆ, ಇವರ ಬೆವರು ಎಲ್ಲವನ್ನೂ ಮುಚ್ಚಿಬಿಟ್ಟಿದೆ, ಒಳ್ಳೆಯ ವಾಸನೆಯೇ, ಆದರೆ ಇವತ್ತು ಅದಕ್ಕೆ ತಲೆ ನೋಯುತ್ತಿದೆ. ಹೂವಾದಾಗ ಸಾಲಿನೊಳಗೆ ಆಳು ಕಾಲಿಡಬಾರದು, ಸೆರಗು ತಾಗಬಾರದು, ನಾಯಿ ನುಗ್ಗಿದರೂ ಅಟ್ಟಬೇಕು, ಇಲ್ಲಿನ ತೋಟಗಳಲ್ಲೆಲ್ಲ ಹಾಗೆ, ನಾವೂ ಬೆಳಗ್ಗೆಯಿಂದ ಕಳ್ಳರ ಹಾಗೆ ಮೈ ಹಿಡಿ ಮಾಡಿಕೊಂಡು ಓಡಾಡುತ್ತಿದ್ದೇವೆ.

ಮರ ಕೊಯ್ಯುವವರಲ್ಲಿ ಒಂದು ಕಟ್ಟು ಇದೆ, ಯಾವ ಪುಣ್ಯಾತ್ಮ ಮಾಡಿದ್ದೋ — ಮರ ಸಿಕ್ಕಿಸಿದವನೇ ಬಿಡಿಸಬೇಕು, ಇನ್ನೊಬ್ಬ ಕೈ ಹಾಕುವಂತಿಲ್ಲ, ಹಾಗೇ ಬಿಟ್ಟು ಮನೆಗೆ ಹೋಗುವಂತೆಯೂ ಇಲ್ಲ, ಯಾಕೆಂದರೆ ಅದರ ಅಡಿಯಲ್ಲೇ ಹಳ್ಳಕ್ಕೆ ಹೋಗುವ ದಾರಿ, ಕೂಲಿ ಲೈನಿನ ಮನೆಗಳ ಹೆಂಗಸರು ಸಂಜೆ ಬಟ್ಟೆ ಹೊತ್ತುಕೊಂಡು ಬರುತ್ತಾರೆ. ಅಂದರೆ ಇವರೇ ಹೋಗಬೇಕು, ಒಬ್ಬರೇ, ಆ ಮರದಡಿಗೆ, ಬುಡದಿಂದ ಒಂದೊಂದೇ ತುಂಡು ಕೊಯ್ಯುತ್ತ, ತುಂಡು ಕಳಚಿದಾಗೆಲ್ಲ ಮರ ಒಂದಿಷ್ಟು ಕುಸಿಯುತ್ತದೆ, ಎಡಕ್ಕೋ ಬಲಕ್ಕೋ ಕೊಯ್ಯುವವನ ಮೇಲೋ ಅದಕ್ಕೇ ಗೊತ್ತು, ಮಿಷಿನ್ ಕೈಯಲ್ಲಿದ್ದರೆ ಓಡಲೂ ಆಗದು, ಮಿಷಿನ್ ಸದ್ದಿಗೆ ಮರದ ಸದ್ದು ಕೇಳದು. ಸುಬ್ಬಯ್ಯಣ್ಣ ಹೀಗೇ ಹೋದದ್ದು, ಇವರ ಜೊತೆ ಎಷ್ಟೋ ವರ್ಷ ಮರ ಕೊಯ್ದ ಜನ, ಎಲ್ಲರನ್ನೂ ನಗಿಸುತ್ತ ಕೆಲಸ ಮಾಡುತ್ತಿದ್ದವರು, ಭಂಡಿಗಡಿ ಕಡೆಯ ತೋಟವೊಂದರಲ್ಲಿ ತಾವು ಸಿಕ್ಕಿಸಿದ ಮರ ತಾವೇ ಬಿಡಿಸಲು ಹೋಗಿ — ನಾನು ಆಚೆ ಕೊಂಬೆ ಸವರುತ್ತಿದ್ದೆ, ದಡ್ ಅಂತ ಒಂದೇ ಸದ್ದು, ಓಡಿ ಹೋದೆ, ಕಿವಿಯ ಮೇಲಿಟ್ಟುಕೊಂಡಿದ್ದ ಬೀಡಿ ಹಾಗೇ ಇತ್ತು, ಮುರಿದಿರಲಿಲ್ಲ, ಅದನ್ನು ತೆಗೆಯಬೇಕೋ ಬೇಡವೋ ಅಂತ ಯೋಚಿಸುತ್ತ ನಿಂತುಬಿಟ್ಟೆ, ಅಂಥಾದ್ದು ಕಣ್ಣೆದುರು ಆಗಿರುವಾಗ ನನಗೆ ಬೀಡಿಯ ಯೋಚನೆ. ಅವರ ಹೆಂಡತಿ ಗೋದಾವರಿ ಈಗ ಎನ್.ಆರ್. ಪುರದಲ್ಲಿ ಹೋಟೆಲೊಂದರ ಹಿಂದೆ ಕೂತು ಪಾತ್ರೆ ತೊಳೆಯುತ್ತಾಳೆ, ಸಂತೆಗೆ ಹೋದಾಗ ಕಂಡರೆ ಹುಷಾರಾಗಿದೀಯೇನೇ ಯಲ್ಲಕ್ಕ ಅನ್ನುತ್ತಾಳೆ, ನನ್ನ ಮುಖ ನೋಡುವುದಿಲ್ಲ, ನಾನೂ ಅವಳ ಮುಖ ನೋಡುವುದಿಲ್ಲ, ನನ್ನ ಗಂಡ ಇದ್ದಾರಲ್ಲ ಅಂತ ನಾಚಿಕೆ, ನಾಚಿಕೆ ಪಡುವ ವಿಷಯವೇ ಅಲ್ಲ, ಆದರೂ ಆಗುತ್ತದೆ. ಅಷ್ಟಾದ ಮೇಲಾದರೂ ಆ ಕಟ್ಟನ್ನು ಯಾರಾದರೂ ಮುರಿದರೇ, ಇಲ್ಲ, ಸುಬ್ಬಯ್ಯ ಗಂಡಸು ಕಣ್ರಪ್ಪ, ತನ್ನ ಮರ ತಾನೇ ಬಿಡಿಸಿದ ಅಂತ ಹೊಗಳಿದರು, ಇವರೂ ತಲೆ ಆಡಿಸಿದರು, ಅವತ್ತು ನನಗೆ ಇವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅರ ನಿಂತಿತು. ಇಲ್ಲ, ಬೆರಳು ಬದಲಿಸಿಕೊಂಡರು ಅಷ್ಟೆ, ಬಲಗೈ ಬೆರಳು ಬಿಳುಚಿಕೊಂಡಿವೆ, ಮಿಷಿನ್ ಹಿಡಿದು ಹಿಡಿದು ಹಾಗೆ, ನಿಲ್ಲಿಸಿ ಎಷ್ಟು ಹೊತ್ತಾದರೂ ಕೈಯೊಳಗೆ ಮಿಷಿನ್ ನಡೆಯುತ್ತಲೇ ಇರುತ್ತದಂತೆ, ಬೆಳಗ್ಗೆ ಅಂಗಿಯ ಗುಂಡಿ ನಾನೇ ಹಾಕುವುದು, ಕಾಫಿಯನ್ನು ಲೋಟದ ತುಂಬ ಕೊಡುವುದಿಲ್ಲ, ಮುಕ್ಕಾಲು ಕೊಡುತ್ತೇನೆ, ಯಾಕೆ ಅಂತ ಇವರೂ ಕೇಳಿಲ್ಲ ನಾನೂ ಹೇಳಿಲ್ಲ. ಮೊದಲು ಹೀಗಿರಲಿಲ್ಲ, ಮಿಷಿನ್ ಬರುವ ಮೊದಲು ಇಬ್ಬರು ಎಳೆಯುವ ದೊಡ್ಡ ಗರಗಸ ಇತ್ತು, ಒಂದು ಕಡೆ ಇವರು, ಜನ ಸಿಗದ ದಿನ ಇನ್ನೊಂದು ಕಡೆ ನಾನು, ಎಳಿ, ಒತ್ತಬೇಡ, ಬರೀ ಎಳಿ, ಒತ್ತೋದು ಗರಗಸಕ್ಕೆ ಬಿಡು ಅನ್ನುತ್ತಿದ್ದರು, ಎಳೆಯುತ್ತಿದ್ದೆ, ಬಿಡುತ್ತಿದ್ದೆ, ಅವರು ಎಳೆಯುತ್ತಿದ್ದರು, ಮೂಗಿಗೆ ಮರದ ಹುಡಿ, ಮಧ್ಯಾಹ್ನದ ಹೊತ್ತಿಗೆ ಯಾರು ಎಳೆಯುತ್ತಿದ್ದಾರೆ ಯಾರು ಬಿಡುತ್ತಿದ್ದಾರೆ ಅನ್ನುವುದೇ ತಿಳಿಯುತ್ತಿರಲಿಲ್ಲ, ಮದುವೆಯಾಗಿ ಇವರು ನನ್ನೊಡನೆ ಅತಿ ಹೆಚ್ಚು ಮಾತಾಡಿದ್ದು ಆ ಗರಗಸದ ಮೇಲೇ ಇರಬೇಕು. ಬೆಣೆ ಹೊಡೆದು, ದೂರ ನಿಂತು, ಮರ ಬೀಳುವ ಮೊದಲು ಬರುವ ಆ ಸಣ್ಣ ಚಟ್ ಚಟ್ ಕೇಳುತ್ತಿದ್ದೆವು. ಈಗ ಏನೂ ಕೇಳುವುದಿಲ್ಲ, ಬೇಗ ಆಗುತ್ತದೆ, ಎಲ್ಲಾ ಬೇಗ, ಸುಸ್ತು ಮಾತ್ರ ಅಷ್ಟೇ ಇದೆ, ಜಾಸ್ತಿಯೇ ಇದೆ, ರಾತ್ರಿ ಮಲಗಿದರೆ ಬೆನ್ನು ನೆಲಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ.

ಮಹೇಶ್ವರ ಬಂಡೆ ಇಳಿದು ಬರುತ್ತಿದ್ದಾನೆ — ಮಿಷಿನ್ ಅವನದು, ಮೇಲೆ ರಸ್ತೆಯಲ್ಲಿ ನಿಂತ ಟ್ರ್ಯಾಕ್ಟರೂ ಅವನದು, ನಮ್ಮನ್ನು ತೋಟ ತೋಟಕ್ಕೆ ಕೆಲಸಕ್ಕೆ ಕರೆದೊಯ್ಯುವವನು ಅವನೇ — ಮೊಬೈಲಿಗೆ ಆ ಬಂಡೆಯ ಮೇಲೆ ಮಾತ್ರ ಸಿಗ್ನಲ್ ಸಿಗುವುದು, ಧರ್ಮೇಶಯ್ಯನಿಗೆ ಫೋನ್ ಮಾಡಿ ಕೇಳುತ್ತೇನೆ ಅಂತ ಹತ್ತಿದ್ದ. ಟ್ರ್ಯಾಕ್ಟರ್ ಸಾಲಿನೊಳಗೆ ಬಂದರೆ ಸಾಕು, ಬುಡಕ್ಕೆ ಸರಪಳಿ ಹಾಕಿ ದೂರದಿಂದ ಹಿಂದಕ್ಕೆ ಎಳೆದರೆ ಮರ ತಾನೇ ಬೀಳುತ್ತದೆ, ಯಾರೂ ಅಡಿಗೆ ಹೋಗುವುದು ಬೇಡ, ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೆ ರಸ್ತೆಗೂ ಮರಕ್ಕೂ ನಡುವೆ ಕಾಫಿ, ಅದೂ ಹೂ ಬಿಟ್ಟ ಕಾಫಿ, ಒಂದು ಸಾಲು ಪೂರ್ತಿ ಹೋಗುತ್ತದೆ. ಮಹೇಶ್ವರನ ನಡಿಗೆ ನೋಡಿದರೇ ಗೊತ್ತಾಗುತ್ತಿದೆ. ಅಯ್ಯ ಬ್ಯಾಡ ಅಂದ್ರು ಗಿಡ್ಡಯ್ಯಣ್ಣ, ಹೂ ಉದುರಿ ಕಾಯಿ ಕಚ್ಚೋ ತನಕ ಟ್ರ್ಯಾಕ್ಟರ್ ಒಳಗೆ ತರಬೇಡಿ ಅಂದ್ರು, ಗಿಡ್ಡಯ್ಯ ಇದಾನಲ್ಲ, ಬಿಡಿಸ್ತಾನೆ ಬಿಡು ಅಂದ್ರು. ಅಂದು ನೆಲ ನೋಡುತ್ತ ನಿಂತ, ಕೆಟ್ಟವನಲ್ಲ ಮಹೇಶ್ವರ, ಅಯ್ಯನವರೂ ಕೆಟ್ಟವರಲ್ಲ, ನನ್ನ ಬಾಣಂತನಕ್ಕೆ ಅವರ ಮನೆಯಿಂದಲೇ ತುಪ್ಪ ಬಂದಿತ್ತು, ಯಾರೂ ಕೆಟ್ಟವರಲ್ಲ, ಎಲ್ಲ ಒಳ್ಳೆಯವರೇ ಸೇರಿ ಇವರನ್ನು ಆ ಮರದಡಿಗೆ ಕಳಿಸುತ್ತಿದ್ದಾರೆ. ಇವರು ಅರವನ್ನು ಜೇಬಿಗೆ ಹಾಕಿಕೊಂಡರು, ತಲೆಗೆ ಟವೆಲ್ ಬಿಗಿದರು, ಆತು ಬಿಡು, ಅದಕ್ಕೇನಂತೆ ಅಂದರು, ಅದಕ್ಕೇನಂತೆ ಅಂತೆ. ಎದ್ದುಬಿಟ್ಟರು. ಹೋಯ್, ಬೇಡ, ನಾ ಹೇಳ್ತಿದೀನಿ ಬೇಡ ಅಂದೆ, ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು. ಸುಮ್ನಿರೆ, ಎಷ್ಟು ಬಿಡಿಸಿಲ್ಲ ನಾನು, ಅಂದರು, ಹೊರಟರು, ಮಿಷಿನನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡರು.

ನಾನು ಎದ್ದದ್ದು ಯಾವಾಗ, ಹಗ್ಗ ಮಡಿಲಿಂದ ಬಿದ್ದದ್ದು ಗೊತ್ತು, ಕೊಂಬೆ ಸವರುವ ಕತ್ತಿ ಕೈಗೆ ಬಂದದ್ದು ಗೊತ್ತು, ಧೈರ್ಯ ಗೀರ್ಯ ಏನಿಲ್ಲ, ಸಾಕಾಗಿದೆ ನನಗೆ, ಇವತ್ತು ಇವರು ಬಿಡಿಸಿ ಬಂದರೂ ನಾಳೆ ಇನ್ನೊಂದು ತೋಟ, ಇನ್ನೊಂದು ಮರ, ನಾನು ಹೀಗೇ ಮರ ನೋಡುತ್ತ ಕೂರಬೇಕು, ಎಷ್ಟು ದಿನ ಅಂತ ಕೂರುವುದು, ನನ್ನಿಂದ ಆಗುವುದಿಲ್ಲ. ರಸ್ತೆಯ ಅಂಚಿನ ಮೊದಲ ಕಾಫಿ ಗಿಡ, ಪೂರ್ತಿ ಹೂ, ಜೇನು ಗುಂಯ್ ಅನ್ನುತ್ತಿದೆ, ಬುಡಕ್ಕೆ ಒಂದೇಟು, ಜೇನು ಎದ್ದಿತು, ಎರಡು, ಹಸಿ ಕಟ್ಟಿಗೆ ಗಟ್ಟಿ, ಇನ್ನೊಂದು, ಗಿಡ ಹೂವಿನ ಸಮೇತ ನನ್ನ ಕಾಲ ಮೇಲೆ ಒರಗಿತು. ಹಿಂದೆ ಮಿಷಿನ್ ದುರ್ರ್ ಅಂತು, ಆರಿತು. ಏಯ್, ಎಂತ ಮಾಡ್ತಿದೀಯೇ ನೀನು — ಇವರು, ಇಷ್ಟು ದೊಡ್ಡ ದನಿ ಇವರಿಗೆ ಇದೆಯೆಂದೇ ಗೊತ್ತಿರಲಿಲ್ಲ. ತಿರುಗಲಿಲ್ಲ. ಎರಡನೇ ಗಿಡ. ಯಲ್ಲಕ್ಕ, ಅಯ್ಯಂಗೆ ನಾ ಎಂತ ಹೇಳ್ಲಿ ಮಾರಾಯ್ತಿ, ಮಹೇಶ್ವರ, ಅಳುವವನ ಹಾಗೆ. ನಾನೇ ಕಡಿದೆ ಅಂತ ನಾನೇ ಹೇಳ್ತೀನಿ ಅಂದೆ, ಉಸಿರು ಸಿಕ್ಕಲಿಲ್ಲ, ಈ ತೋಟಕ್ಕೆ ಇನ್ನು ಕುಯ್ಲಿಗೆ ಕರೆಯುವುದಿಲ್ಲ, ಮಹೇಶ್ವರನೂ ಮರಕ್ಕೆ ಕರೆಯುವುದಿಲ್ಲವೇನೋ, ಹೆಂಡತಿ ಮಾತು ಕೇಳುವವನು ಅಂತ ಸೀತೂರಿನವರೆಗೂ ಇವರನ್ನು ಆಡಿಕೊಳ್ಳುತ್ತಾರೆ, ಇವರಿಗೆ ಅದೇ ದೊಡ್ಡದು, ಆಡಿಕೊಳ್ಳಲಿ, ಆಡಿಸಿಕೊಳ್ಳಲು ಇವರು ಇರುತ್ತಾರಲ್ಲ, ಗಿಡ ಮೋಟಿನಿಂದ ಮತ್ತೆ ಚಿಗುರುತ್ತದೆ. ಮೂರನೆಯದು. ಹಿಂದೆ ಹೆಜ್ಜೆ ಸದ್ದು, ಬಂದರು, ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿ, ಬೆನ್ನು ಕೊಟ್ಟೇ ನಿಂತಿದ್ದೇನೆ, ಹೊಡೆಯಲಿಲ್ಲ, ಬೈಯಲಿಲ್ಲ, ಮಿಷಿನ್ ನೆಲಕ್ಕಿಟ್ಟ ಸದ್ದು, ಆಮೇಲೆ ಸರ ಸರ — ನಾನು ಕಡಿದ ಗಿಡಗಳನ್ನು ಒಂದೊಂದಾಗಿ ಬದಿಗೆ ಎಳೆಯುತ್ತಿದ್ದಾರೆ, ಟ್ರ್ಯಾಕ್ಟರಿನ ಗಾಲಿಗೆ ದಾರಿ ಆಗುವಷ್ಟು, ನಾನು ಕಡಿಯುತ್ತೇನೆ, ಅವರು ಎಳೆಯುತ್ತಾರೆ. ಮೇಲೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು, ಮಹೇಶ್ವರ ಬಯ್ಯುತ್ತಲೇ ಅದರ ಹಿಂಬದಿಯನ್ನು ನಾವು ಬಿಡಿಸಿದ ದಾರಿಗೆ ತಿರುಗಿಸುತ್ತಿದ್ದಾನೆ, ಇನ್ನು ನಾಲ್ಕಾರು ಗಿಡ ಇರಬೇಕು ಮುಂದೆ, ಕಣ್ಣಿಗೆ ಬೆವರು ಇಳಿಯುತ್ತಿದೆ, ಏನೂ ಕಾಣುವುದಿಲ್ಲ, ಬಿಳಿ ಕಾಣುತ್ತದೆ, ಕತ್ತಿಯ ಹಸಿಗೆ ಹೂವಿನ ಎಸಳು ಮೆತ್ತಿಕೊಂಡು ಅಲಗೇ ಕಾಣದು, ಸೆರಗಿನಲ್ಲಿ ಒರೆಸುತ್ತೇನೆ, ಮುಂದಿನ ಗಿಡ, ಮತ್ತೆ ಮೆತ್ತುತ್ತದೆ, ಒರೆಸುತ್ತೇನೆ, ಮತ್ತೆ ಬಿಳಿ, ಒರೆಸುತ್ತೇನೆ, ಮತ್ತೆ