ಒಳಮುಚ್ಚಳದ ಚೀಟಿ

ರೇಡಿಯೋ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಲವತ್ತು ವರ್ಷ ರೇಡಿಯೋ, ಟೇಪ್ ರೆಕಾರ್ಡರ್, ಟಿವಿ ರಿಪೇರಿ ಮಾಡಿದವರು. ಕೆಟ್ಟಿದ್ದೇನು, ಕೆಟ್ಟಿದ್ದೇಕೆ ಎಂದು ಗಿರಾಕಿ ಕೇಳದಿದ್ದರೂ ವಿವರಿಸಿಯೇ ಕಳಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅವರದು ಇನ್ನೊಂದು ಪದ್ಧತಿಯಿತ್ತು. ಯಾವ ಯಂತ್ರವನ್ನೇ ಬಿಚ್ಚಲಿ, ಮುಚ್ಚುವ ಮೊದಲು ಒಳಮುಚ್ಚಳಕ್ಕೆ ಒಂದು ಸಣ್ಣ ಚೀಟಿ ಅಂಟಿಸುತ್ತಿದ್ದರು: ತಾರೀಖು, ಕೆಟ್ಟಿದ್ದು, ಮಾಡಿದ್ದು, ಸಹಿ. ಅದೂ ಪೆನ್ಸಿಲಿನಲ್ಲಿ, ಬಿಸಿಗೆ ಪೆನ್ನಿನ ಮಸಿ ಮಾಸಿಹೋಗುತ್ತದೆ. ನಾಳೆ ಬಿಚ್ಚುವವನು ಕತ್ತಲಲ್ಲಿ ತಡಕಾಡಬಾರದು ಎಂಬುದು ಅವರ ವಾದ. ತಮ್ಮ ಕೈತಪ್ಪಿನಿಂದ ಏನಾದರೂ ಸುಟ್ಟರೆ ಅದನ್ನೂ ಬರೆಯುತ್ತಿದ್ದರು. ಕ್ಷೌರದಂಗಡಿಯ ರೇಡಿಯೋದೊಳಗೆ ಈಗಲೂ ಒಂದು ಚೀಟಿ ಇರಬೇಕು: ‘ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು ನನ್ನಿಂದ. ನನ್ನ ಖರ್ಚಿನಲ್ಲೇ ಬದಲಿಸಿದೆ.’ ಇಂಥವನು ವ್ಯಾಪಾರ ಮಾಡಿ ಉದ್ಧಾರ ಆದ ಹಾಗೇ ಬಿಡಿ ಎಂದು ಅಕ್ಕಪಕ್ಕದ ಅಂಗಡಿಯವರು ನಗುತ್ತಿದ್ದರು. ಉದ್ಧಾರ ಆಗಲಿಲ್ಲ ಎಂಬುದೂ ನಿಜವೇ.

ಸೊಸೆ ಅವರನ್ನು ಮೊದಲು ಕಂಡಿದ್ದು ಈ ಚೀಟಿಯಲ್ಲೇ. ಹತ್ತು ವರ್ಷದವಳಿದ್ದಾಗ ತವರಿನ ಟೇಪ್ ರೆಕಾರ್ಡರನ್ನು ಯಾರಿಗೂ ಕಾಣದಂತೆ ಬಿಚ್ಚಿದ್ದಳು. ಒಳಗೆ ಸಿಕ್ಕ ಚೀಟಿಯಲ್ಲಿ ‘ಒಂದು ಸ್ಕ್ರೂ ಕಳೆದುಹಾಕಿದೆ, ಕ್ಷಮಿಸಿ’ ಎಂದಿತ್ತು. ಮುಂದೆ ಮದುವೆಯ ಮಾತು ಬಂದಾಗ, “ತಪ್ಪನ್ನೂ ಬರೆದಿಡೋ ಮನೆ ಅದು, ನಾನು ಹೋಗ್ತೀನಿ” ಅಂದಳಂತೆ. ವರನ ಬಗ್ಗೆ ಹೆಚ್ಚೇನೂ ವಿಚಾರಿಸಲಿಲ್ಲವಂತೆ. ಇದನ್ನು ಹೇಳಿ ಮನೆಯವರು ಮಗನನ್ನು ಇಂದಿಗೂ ಛೇಡಿಸುತ್ತಾರೆ.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಮೈನಿಂಗ್ ಯಂತ್ರ ಕಟ್ಟಬೇಕೆಂಬ ಹುಚ್ಚು ಹತ್ತಿದ್ದು ಹೋದ ವರ್ಷ. ಗೇಮ್ ಆಡುವವರು ಕಂಪ್ಯೂಟರಿಗೆ ಹಾಕಿಕೊಳ್ಳುವ ಗ್ರಾಫಿಕ್ಸ್ ಕಾರ್ಡುಗಳನ್ನು ಐದಾರು ಒಟ್ಟಿಗೆ ಜೋಡಿಸಿ ಹಗಲಿರುಳು ಲೆಕ್ಕ ಬಿಡಿಸಲು ಬಿಟ್ಟರೆ, ಕ್ರಿಪ್ಟೋ ನಾಣ್ಯದ ಚೂರುಗಳು ಬರುತ್ತವೆ ಎಂದು ಮನೆಯಲ್ಲಿ ವಿವರಿಸಿದಳು.

“ನಿಂಗ್ಯಾಕೆ ಬೇಕಮ್ಮ ಈ ಉಸಾಬರಿ?” ಎಂದ ಗಂಡ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ಕಲಿಯುವವರ ಪಕ್ಕದಲ್ಲಿ ತನ್ನ ಕಾಲಡಿ ಇನ್ನೊಂದು ಬ್ರೇಕ್ ಇಟ್ಟುಕೊಂಡು ಕೂತು ಕೂತು, ಮನೆಯಲ್ಲೂ ಅದೇ ಅಭ್ಯಾಸವಾಗಿತ್ತು.

“ಎಂಟು ವರ್ಷದಿಂದ ಕಂಡವರ ಕಣ್ಣಿಗೆ ಗಾಜು ಉಜ್ತಾ ಇದೀನಿ. ನಂದು ಅಂತ ಒಂದು ಯಂತ್ರ ಕಟ್ಬೇಕು ರೀ. ಬಂದಷ್ಟು ಬರ್ಲಿ.”

ಮೂರು ತಿಂಗಳು ಅಳೆದೂ ಸುರಿದೂ ಒಂದೊಂದೇ ಸಾಮಾನು ಆರಿಸಿದಳು. ಎಲ್ಲಕ್ಕಿಂತ ವೇಗದ ಕಾರ್ಡು ಅವಳಿಗೆ ಬೇಕಿರಲಿಲ್ಲ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಲೆಕ್ಕ ಬಿಡಿಸುತ್ತದೆ ಎಂಬುದೇ ಅವಳ ಅಳತೆಗೋಲು. ಮೆಮೊರಿ ಎಂಟು ಜಿಬಿಗಿಂತ ಕಡಿಮೆಯಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡು ನೋಡಲು ಹೋದರೆ ಫ್ಯಾನನ್ನು ಕಿರುಬೆರಳಲ್ಲಿ ತಿರುಗಿಸಿ, ಸ್ಕ್ರೂ ತಲೆಗಳು ಸವೆದಿವೆಯೇ ಎಂದು ನೋಡಿ, ಕೊನೆಗೆ ಮೂಗಿಗೆ ಹಿಡಿದು ಮೂಸುತ್ತಿದ್ದಳು. ಒಮ್ಮೆ ಜೊತೆಗೆ ಹೋಗಿದ್ದ ಮೇಷ್ಟ್ರಿಗೆ ಆ ಮೂಸುವುದನ್ನು ಕಂಡು ಅಭಿಮಾನ ಉಕ್ಕಿತು. ಸುಟ್ಟಿದ್ದನ್ನು ಕಣ್ಣಿಗಿಂತ ಮೂಗು ಮೊದಲು ಹೇಳುತ್ತದೆ ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಈಗ ಯಾರೂ ಏನನ್ನೂ ರಿಪೇರಿ ಮಾಡಿಸುವುದಿಲ್ಲ, ಎಸೆದು ಹೊಸದು ತರುತ್ತಾರೆ. ಹೀಗಿರುವಾಗ ಸೊಸೆ, “ಮಾವ, ಫ್ರೇಮು, ವೈರಿಂಗು ನಿಮ್ದು” ಎಂದಳು. ಮೇಷ್ಟ್ರು ಹತ್ತು ವರ್ಷ ಚಿಕ್ಕವರಾದರು. ಬಟ್ಟೆ ಒಣಗಿಸುತ್ತಿದ್ದ ಹಿಂದಿನ ಕೋಣೆಗೆ ಮೀಟರ್ ಬೋರ್ಡಿನಿಂದಲೇ ದಪ್ಪ ತಂತಿಯ ಬೇರೆ ಲೈನ್ ಎಳೆದು, ಅದಕ್ಕೊಂದು ಪ್ರತ್ಯೇಕ ಎಂಸಿಬಿ, ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು, ಕೂರಿಸಿದರು. ಹಳೆಯ ಕಿಟಕಿಯೊಂದರ ಅಲ್ಯೂಮಿನಿಯಂ ಪಟ್ಟಿ ಕೊಯ್ದು ಫ್ರೇಮ್ ಮಾಡಿದರು. ಕಾರ್ಡು ಕಾರ್ಡಿನ ನಡುವೆ ನಾಲ್ಕು ಬೆರಳು ಗಾಳಿ. ಕಿಟಕಿಗೊಂದು ಎಕ್ಸಾಸ್ಟ್ ಫ್ಯಾನ್. ಯಂತ್ರ ಓಡತೊಡಗಿದ ಮೇಲೆ ಕೋಣೆ ಬೆಚ್ಚಗಾಗಿ, ಒದ್ದೆ ಬಟ್ಟೆ ಒಂದೇ ಗಂಟೆಯಲ್ಲಿ ಗರಿಗರಿಯಾಯಿತು. ಮೇಷ್ಟ್ರ ಹೆಂಡತಿ ಅಂದಿನಿಂದ ಯಂತ್ರದ ಪಕ್ಷ ಸೇರಿದರು.

“ಅದು ಒಳಗೆ ಮಾಡೋದಾದರೂ ಏನೇ?” ಎಂದು ಅವರು ಕೇಳಿದರು.

“ಎಲ್ಲೋ ಯಾರೋ ಇನ್ಯಾರಿಗೋ ನಾಣ್ಯ ಕಳಿಸ್ತಾರೆ ಅತ್ತೆ. ಅದು ನಿಜ ಅಂತ ಸಾಕ್ಷಿ ಹಾಕೋ ಕೆಲಸ ಇದರದ್ದು. ಸಾಕ್ಷಿಗೆ ಒಂದಿಷ್ಟು ಸಂಭಾವನೆ ಸಿಗುತ್ತೆ.”

“ಸಾಕ್ಷಿ ಹೇಳೋಕೆ ಇಷ್ಟೊಂದು ಬೆವರಬೇಕಾ?”

“ಬೆವರದೆ ಹೇಳೋ ಹಾಗಿದ್ರೆ ಎಲ್ಲರೂ ಸುಳ್ಳು ಸಾಕ್ಷಿ ಹೇಳಲ್ವಾ? ಒಂದು ಸಲ ಬರೆದ ಮೇಲೆ ಅಳಿಸೋಕಾಗಲ್ಲ. ಎಲ್ಲರ ಹತ್ರಾನೂ ಒಂದೊಂದು ಪ್ರತಿ ಇರುತ್ತೆ. ಒಬ್ಬ ಬಚ್ಚಿಟ್ಟರೆ ಇನ್ನೊಬ್ಬನ ಹತ್ರ ಸಿಗುತ್ತೆ. ನಮ್ಮ ಮಾವನ ಚೀಟಿ ಇದ್ದ ಹಾಗೆ.”

ಮೇಷ್ಟ್ರು ಕೆಮ್ಮಿದರು. ಹೊಗಳಿದರೆ ಅವರಿಗೆ ಕೆಮ್ಮು ಬರುತ್ತಿತ್ತು.

ನಾಲ್ಕು ಕಾರ್ಡುಗಳು ಹನ್ನೊಂದು ದಿನ ನಿಲ್ಲದೆ ಓಡಿದವು. ಸೊಸೆ ಇನ್ನೆರಡನ್ನು ಮದುವೆ ವಿಡಿಯೋ ಮಾಡುವವನೊಬ್ಬನಿಂದ ಕೊಂಡು ತಂದಳು. ಅವನ ಮನೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿದ್ದಳು, ಅಷ್ಟೇ. ಅವುಗಳಿಗೆ ಕರೆಂಟ್ ಕೊಡಲು ಇನ್ನೆರಡು ಕೇಬಲ್ ಬೇಕಿತ್ತು. ಪವರ್ ಸಪ್ಲೈ ಯಾವ ಕಂಪನಿಯದೋ ಕೇಬಲೂ ಅದೇ ಕಂಪನಿಯದಾಗಬೇಕೆಂದು ಆರ್ಡರ್ ಮಾಡಿ, ಕಾರ್ಡುಗಳನ್ನು ಫ್ರೇಮಿಗೆ ಬಿಗಿದಳು. ಮಂಗಳವಾರ ಬೆಳಿಗ್ಗೆ, “ಕೇಬಲ್ ಬರೋವರೆಗೂ ಹಾಗೇ ಇರ್ಲಿ ಮಾವ” ಎಂದು ಹೇಳಿ ಕೆಲಸಕ್ಕೆ ಹೋದಳು.

ಹಾಗೇ ಇರಲಿ ಎಂದರೆ ಮೇಷ್ಟ್ರ ಕೈ ಕೇಳಬೇಕಲ್ಲ. ಅವರ ಮಂಚದಡಿ ಒಂದು ಗೋಣಿಚೀಲವಿತ್ತು. ನಲವತ್ತು ವರ್ಷದಲ್ಲಿ ಒಂದು ಕೇಬಲನ್ನೂ ಎಸೆಯದೆ ತುಂಬಿಸಿಟ್ಟ ಚೀಲ. ಕೇಬಲಿನ ಮೂತಿ ಸರಿಯಾಗಿ ಕೂತರೆ ಕೆಲಸ ಆದ ಹಾಗೆ ಎಂಬುದು ಅವರ ಕಾಲದ ನಂಬಿಕೆ. ಹುಡುಕಿದಾಗ, ಕೆಟ್ಟುಹೋಗಿದ್ದ ಬೇರೆ ಕಂಪನಿಯ ಪವರ್ ಸಪ್ಲೈಯೊಂದರ ಎರಡು ಕೇಬಲ್ ಸಿಕ್ಕವು. ಎರಡು ತುದಿಯೂ ಟಕ್ಕೆಂದು ಕೂತವು. ಅವರ ಕಾಲದಲ್ಲಾದರೆ ಯಾವ ತಂತಿ ಯಾವುದೆಂದು ಹಳದಿ, ಕೆಂಪು, ಕಪ್ಪು ಬಣ್ಣವೇ ಹೇಳುತ್ತಿತ್ತು. ಇವು ಎಲ್ಲವೂ ಕಪ್ಪು. ಈಗಿನವರ ಷೋಕಿ ಎಂದುಕೊಂಡರು. ಸಂಜೆ ಬಾಗಿಲು ತೆರೆದ ಸೊಸೆ ಆರು ಕಾರ್ಡೂ ಓಡುವುದನ್ನು ಕಂಡು ಹೇಗೆ ಮುಖ ಅರಳಿಸುತ್ತಾಳೆ ಎಂದು ನೆನೆದು, ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡದೆಯೇ ಸ್ವಿಚ್ ಹಾಕಿದರು.

ಚಟ್ಟೆಂದು ಸದ್ದಾಗಿ ಯಂತ್ರ ಆರಿತು. ಹಿಂದೆಯೇ ಆ ವಾಸನೆ ಬಂತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ಮೀಟರ್ ತಂದು ಒಂದೊಂದೇ ಪಿನ್ನಿಗೆ ಮುಟ್ಟಿಸಿದರು. ಮೂತಿ ಒಂದೇ, ಒಳಗಿನ ತಂತಿಗಳ ಸಾಲು ಬೇರೆ. ಹನ್ನೆರಡು ವೋಲ್ಟ್ ಹೋಗಬಾರದ ಕಡೆ ಹೋಗಿತ್ತು. ಒಂದೊಂದು ಕಂಪನಿಯದು ಒಂದೊಂದು ಕ್ರಮ. ಅದಕ್ಕೇ ಅವಳು ಅದೇ ಕಂಪನಿಯದು ಬೇಕೆಂದು ಕಾದಿದ್ದು. ಆ ಎರಡು ಕೇಬಲ್ ಕಿತ್ತು ಮತ್ತೆ ಸ್ವಿಚ್ ಹಾಕಿದರೆ ಹಳೆಯ ನಾಲ್ಕೂ ಏನೂ ಆಗಿಲ್ಲವೆಂಬಂತೆ ಓಡಿದವು. ಹೊಸ ಎರಡು ಸತ್ತಿದ್ದವು. ಕಿಟಕಿ ತೆರೆದರು. ಕೇಬಲನ್ನು ಚೀಲದ ತಳಕ್ಕೆ ತುರುಕಿದರು. ಜೇಬಿನ ಪೆನ್ಸಿಲನ್ನು ಮುಟ್ಟಿದರು, ತೆಗೆಯಲಿಲ್ಲ.

ಸಂಜೆ ಹೇಳಿದರಾಯಿತು ಎಂದುಕೊಂಡರು. ಸಂಜೆ ಅವಳು ಬಂದು ನಗುನಗುತ್ತಾ, “ನಾಳೆ ಕೇಬಲ್ ಬರುತ್ತೆ ಮಾವ” ಎಂದಳು. ಮಾತು ಗಂಟಲಲ್ಲಿ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮೇಷ್ಟ್ರಿಗೆ ಹೆದರಿಕೆಯಾಗಿತ್ತು. ಸುಟ್ಟ ದುಡ್ಡಿನ ಹೆದರಿಕೆಯಲ್ಲ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಈ ಕೈಗೆ ಕೆಲಸ ಕೊಡುತ್ತಿದ್ದುದು ಲೋಕದಲ್ಲಿ ಅವಳೊಬ್ಬಳೇ. ನಾಳೆಯಿಂದ ಅವಳೂ, ‘ನೀವು ಕೂತ್ಕೊಳ್ಳಿ ಮಾವ, ನಾನೇ ಮಾಡ್ತೀನಿ’ ಅಂದುಬಿಟ್ಟರೆ?

ಬುಧವಾರ ಸರಿಯಾದ ಕೇಬಲ್ ಬಂತು. ಸೊಸೆ ಹಾಕಿದಳು, ತೆಗೆದಳು, ಕಾರ್ಡನ್ನು ಬೋರ್ಡಿಗೆ ಸೇರಿಸುವ ರೈಸರ್ ಪಟ್ಟಿ ಬದಲಿಸಿದಳು, ಸ್ಲಾಟ್ ಬದಲಿಸಿದಳು. ಎರಡೂ ಕಾರ್ಡು ಮಿಸುಕಲಿಲ್ಲ. ಊಟವನ್ನೂ ಮಾಡದೆ ಕೋಣೆಯ ನೆಲದ ಮೇಲೆ ಕೂತಿದ್ದಳು.

“ನಾನು ಮೊದಲೇ ಬಡ್ಕೊಂಡೆ,” ಎಂದ ಗಂಡ. “ಹತ್ತು ನಿಮಿಷ ನೋಡಿ ಯಾರಾದ್ರೂ ತಗೋತಾರಾ? ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು.”

ಅವಳು ಎದುರಾಡಲಿಲ್ಲ. “ಹೌದು, ನಂದೇ ತಪ್ಪು. ತಗೊಳ್ಳುವಾಗ ಮೂಸಿ ನೋಡಿದ್ದೆ, ಈ ಸುಟ್ಟ ವಾಸನೆ ಆಗ ಗೊತ್ತಾಗಲೇ ಇಲ್ಲ,” ಎಂದಳು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು.

ಗುರುವಾರ ಅವಳು ವಿಡಿಯೋದವನಿಗೆ ಫೋನ್ ಮಾಡಿದಳು. ಮೊದಲು ಮೆತ್ತಗೆ ಶುರುವಾದ ಮಾತು ಕೊನೆಗೆ ಜೋರಾಯಿತು. “ಸತ್ತಿರೋದನ್ನ ಕೊಟ್ಟು ನಂಬಿಸಿ ಕಳಿಸಿದ್ರಿ. ನಾಲ್ಕು ಜನರಿಗೆ ಹೇಳ್ತೀನಿ, ನಿಮ್ಮ ಹತ್ರ ಯಾರೂ ಏನೂ ತಗೋಬಾರದು.” ಅತ್ತ ಕಡೆಯ ದನಿ ನಡುಮನೆಯವರೆಗೂ ಕೇಳಿಸುತ್ತಿತ್ತು: “ಮಕ್ಕಳಾಣೆ ಮೇಡಂ, ಚೆನ್ನಾಗಿತ್ತು. ನಿಮ್ಮೆದುರೇ ಓಡ್ತಲ್ಲ? ಆಯ್ತು, ಭಾನುವಾರ ತನ್ನಿ. ವಾಪಸ್ ತಗೋತೀನಿ. ಹೆಸರು ಮಾತ್ರ ಕೆಡಿಸಬೇಡಿ.”

“ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ, ನಮ್ಮ ಮೇಲೇ ಹಾಕೋಕೆ ನೋಡ್ತಾನಲ್ಲ!” ಎಂದರು ಮೇಷ್ಟ್ರ ಹೆಂಡತಿ. ಮೇಷ್ಟ್ರು ಎದ್ದು ಹೊರಗೆ ಹೋದರು. ಬೀದಿಯ ಕೊನೆಯವರೆಗೆ ನಡೆದು ಕ್ಷೌರದಂಗಡಿಯ ಮುಂದೆ ನಿಂತರು. ಒಳಗೆ ಆ ಹಳೆಯ ರೇಡಿಯೋ ಇನ್ನೂ ಹಾಡುತ್ತಿತ್ತು. ಅದರೊಳಗಿನ ಚೀಟಿ ಬರೆದಾಗ ಅವರಿಗೆ ಮೂವತ್ತು ವರ್ಷ. ಕೈತುಂಬ ಕೆಲಸವಿದ್ದಾಗ ತಪ್ಪು ಒಪ್ಪಿಕೊಳ್ಳುವುದೇನು ದೊಡ್ಡ ವಿಷಯ, ಒಂದು ರೇಡಿಯೋ ಹೋದರೆ ಹತ್ತು ಬರುತ್ತಿದ್ದವು. ಅಷ್ಟು ವರ್ಷ ಪ್ರಾಮಾಣಿಕತೆ ಎಂದುಕೊಂಡಿದ್ದರಲ್ಲಿ ಧೈರ್ಯದ ಪಾಲು ಎಷ್ಟು, ಅನುಕೂಲದ ಪಾಲು ಎಷ್ಟು ಎಂದು ಮೊದಲ ಸಲ ಯೋಚಿಸಿದರು. ಉತ್ತರ ಹಿತವಾಗಿರಲಿಲ್ಲ.

ಶುಕ್ರವಾರ ಅವಳು ಯಂತ್ರವನ್ನೇ ಮಾರಿಬಿಡುತ್ತೇನೆ ಎಂದಳು. ಶನಿವಾರ ಅದರ ಕೋಣೆಗೆ ಹೋಗಲೇ ಇಲ್ಲ. ಗಂಡ ಈಗ ಬೈಯುತ್ತಿರಲಿಲ್ಲ, ಸಮಾಧಾನ ಮಾಡುತ್ತಿದ್ದ. ಅದು ಇನ್ನೂ ಕಷ್ಟವಾಗಿತ್ತು. “ನನಗೆ ಆರಿಸೋಕೆ ಬರಲ್ಲ ರೀ,” ಎಂದು ಅವಳು ಹೇಳುವುದು ಗೋಡೆಯಾಚೆಯಿಂದ ಮೇಷ್ಟ್ರಿಗೆ ಕೇಳಿಸಿತು. ಮೂರು ತಿಂಗಳು ಅಳೆದು ಸುರಿದು, ಒಂದನ್ನೂ ತಪ್ಪಾಗಿ ಆರಿಸದ ಹುಡುಗಿ ಅವಳು. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಭಾನುವಾರ ಬೆಳಿಗ್ಗೆ ಅವಳು ಎರಡು ಕಾರ್ಡನ್ನೂ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟುತ್ತಿದ್ದಳು. ಮೇಷ್ಟ್ರು ಬಾಗಿಲಿಗೆ ಅಡ್ಡ ಬಂದು ಒಂದು ಚೀಟಿಯನ್ನೂ, ಆ ಕಪ್ಪು ಕೇಬಲುಗಳನ್ನೂ ಚಾಚಿದರು. ಬಾಯಲ್ಲಿ ಹೇಳಲು ಎಷ್ಟು ಪ್ರಯತ್ನಿಸಿದರೂ ಬಂದಿರಲಿಲ್ಲ.

‘ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಬೇರೆ ಕಂಪನಿಯ ಕೇಬಲ್ ಹಾಕಿದೆ. ಮೀಟರ್ ಇಟ್ಟು ನೋಡಲಿಲ್ಲ. ಎರಡು ಕಾರ್ಡು ಸುಟ್ಟವು. ಕಾರ್ಡುಗಳು ಚೆನ್ನಾಗಿದ್ದವು, ಆರಿಸಿದ್ದು ಸರಿಯಾಗಿತ್ತು. ತಪ್ಪು ನನ್ನದು.’ ಕೆಳಗೆ ಸಹಿ.

ಅವಳು ನಿಂತಲ್ಲೇ ಎರಡು ಸಲ ಓದಿದಳು. ಕೇಬಲನ್ನು ತಿರುಗಿಸಿ ನೋಡಿದಳು. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಇರಲಿಲ್ಲ. ಬೈದರೆ ಸಾಕು ಎಂದು ಮೇಷ್ಟ್ರು ಕಾಯುತ್ತಿದ್ದರು.

“ಇದು ಪೂರ್ತಿ ಆಗಿಲ್ಲ ಮಾವ,” ಎಂದಳು ಕೊನೆಗೆ.

“ಏನು ಬಿಟ್ಟಿದೀನಮ್ಮ?”

“ಐದು ದಿನ.” ಅವಳು ಚೀಟಿಯನ್ನು ಅವರತ್ತ ಚಾಚಿದಳು. “ಕಾರ್ಡು ಹೋದ್ರೆ ಹೋಗ್ಲಿ, ನನ್ನ ಕೈಯಲ್ಲೂ ಹೋಗ್ತಿತ್ತೇನೋ. ಐದು ದಿನ ನಾನು ಎಲ್ಲರ ಹತ್ರ ಅನ್ನಿಸ್ಕೊಂಡೆ. ನೀವು ಪಕ್ಕದಲ್ಲೇ ಕೂತು ಕೇಳಿದ್ರಿ. ಆ ಮನುಷ್ಯನ್ನ ಕಳ್ಳ ಅಂದೆ, ಮಕ್ಕಳ ಮೇಲೆ ಆಣೆ ಇಟ್ಟ. ಅದನ್ನೂ ಕೇಳಿದ್ರಿ. ಅದೆಲ್ಲ ಎಲ್ಲಿ ಬರೆದಿದೀರಿ?”

ಮೇಷ್ಟ್ರು ತಲೆ ತಗ್ಗಿಸಿದರು. ಚೀಟಿಯನ್ನು ವಾಪಸ್ ಇಸಿದುಕೊಂಡು, ಗೋಡೆಗೆ ಒತ್ತಿ ಹಿಡಿದು, ಸಹಿಯ ಕೆಳಗೆ ಬರೆದರು: ‘ಹೇಳಲು ಐದು ದಿನ ತಡ ಮಾಡಿದೆ. ಹೆದರಿದ್ದೆ. ಅಷ್ಟೂ ದಿನ ನನ್ನ ಬದಲು ಇಬ್ಬರು ಕೆಟ್ಟ ಮಾತು ಕೇಳಬೇಕಾಯಿತು.’ ಅಕ್ಷರ ಅಂಕುಡೊಂಕಾಗಿ ಬಂತು. ಮತ್ತೊಂದು ಸಹಿ ಹಾಕಿದರು.

ಸೊಸೆ ಓದಿ ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡಳು, ಆದರೆ ಮುಖ ಸಡಿಲಾಗಲಿಲ್ಲ. ಕಾರ್ಡುಗಳ ಚೀಲವನ್ನು ಒಳಗಿಟ್ಟು ಬಂದಳು.

“ಒಂದೇ ಇದ್ದರೆ ಸಾಲದು. ಇನ್ನೆರಡು ಬರೀರಿ. ಒಂದು ಫ್ರೇಮಿಗೆ. ಒಂದು ನಿಮ್ಮ ಮಗನಿಗೆ. ಒಂದು ಆ ವಿಡಿಯೋದವರಿಗೆ, ಅದನ್ನ ನೀವೇ ಕೊಡಬೇಕು. ನಾನು ಜೊತೆಗೆ ಬರ್ತೀನಿ, ನಾನೂ ಅವರ ಕ್ಷಮೆ ಕೇಳಬೇಕು.”

“ಆಮೇಲೆ?” ಎಂದರು ಮೇಷ್ಟ್ರು. ಯಾವುದಕ್ಕೆ ಹೆದರಿದ್ದರೋ ಅದನ್ನು ಕೇಳಿಯೇ ಬಿಡೋಣವೆಂದು.

“ಆಮೇಲೆ ಬಂದು ಆ ಗೋಣಿಚೀಲ ಸುರೀರಿ. ಒಂದೊಂದು ಕೇಬಲ್‌ಗೂ ಮೀಟರ್ ಇಟ್ಟು ಯಾವ ಕಂಪನಿದು ಅಂತ ಚೀಟಿ ಕಟ್ಟಬೇಕು. ನನಗೊಬ್ಬಳಿಗೇ ಆಗಲ್ಲ.”

ಪೆನ್ಸಿಲಿನ ಮೊನೆ ಗೋಡೆಗೆ ಒತ್ತಿ ಮುರಿದಿತ್ತು. ಮೇಷ್ಟ್ರು ಹೊಸ್ತಿಲ ಮೇಲೆ ಕೂತು, ಬ್ಲೇಡು ತರಿಸಿಕೊಂಡು, ಅದನ್ನು ನಿಧಾನವಾಗಿ ಹೆರೆಯತೊಡಗಿದರು. ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು ಅವಳು ಪಕ್ಕದಲ್ಲಿ ಕಾಯುತ್ತ ನಿಂತಳು.